ಹೈಬ್ರಿಡ್ ಕಾರು: ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕಾಚಾರ

ಹೈಬ್ರಿಡ್ ಎಂಬ ಶಬ್ದ ಬೆಳೆಗಾರ ಬಂಧುಗಳಿಗೆ ಹೊಸದೇನೂ ಅಲ್ಲ. ಕಾಂಜೆನ್ಸಿಸ್ ಮತ್ತು ರೋಬಸ್ಟಾಗಳ ಸಂಕರದಿಂದ ಬಂದ ಸಿ.ಎಕ್ಸ್.ಆರ್. ಕಾಫಿಯನ್ನು ನಮ್ಮಲ್ಲಿ ಎಷ್ಟೋ ಮಂದಿ ನೆಟ್ಟು ಬೆಳೆಸಿದ್ದಾರೆ. ಹೊಸ ಸಂಕರ ತಳಿ ಬಂದಿದೆ ಎಂದು ಯಾರಾದರೂ ಹೇಳಿದರೆ ನಾವು ಕೇಳುವ ಪ್ರಶ್ನೆಗಳು ಎರಡೇ. ಯಾವ ಗುಣ ಯಾವ ಕಡೆಯಿಂದ ಬಂದಿದೆ? ಅದು ನಮ್ಮ ಮಣ್ಣಿಗೂ ನೆರಳಿಗೂ ಹೊಂದುತ್ತದೆಯೇ? ಈಗ ಅದೇ ಹೆಸರಿನ ಕಾರುಗಳು ನಮ್ಮ ತೋಟದ ರಸ್ತೆಗಳಲ್ಲಿಯೂ ಕಾಣತೊಡಗಿವೆ. ಆದರೆ ಸಸಿಯ ಬಗ್ಗೆ ಕೇಳುವ ಈ ಎರಡು ಪ್ರಶ್ನೆಗಳನ್ನು ಕಾರಿನ ಬಗ್ಗೆ ಕೇಳುವವರು ವಿರಳ.

2024-25ರ ಸಾಲಿನಲ್ಲಿ ಕಾಫಿಗೆ ಹಿಂದೆಂದೂ ಕಾಣದಂಥ ಬೆಲೆ ದೊರೆಯಿತು. ಬಹುಕಾಲದ ನಂತರ ಸಣ್ಣ ಬೆಳೆಗಾರನ ಕೈಯಲ್ಲಿಯೂ ನಾಲ್ಕು ಕಾಸು ಓಡಾಡಿತು. ಹಳೆಯ ಜೀಪನ್ನೋ ಸಣ್ಣ ಕಾರನ್ನೋ ಬದಲಾಯಿಸಬೇಕೆಂಬ ಆಸೆ ಮೂಡುವುದು ಸಹಜ. ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಮಾತು ಮುಗಿದೊಡನೆ ‘ಹೈಬ್ರಿಡ್ ತಗೊಂಡರೆ ಹೇಗೆ ಸಾರ್?’ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಇಲ್ಲಿಯೇ ವಿಚಾರ ಮಾಡುವುದು ಒಳಿತೆಂದು ತೋರಿತು.

ಮೊದಲು ಯಂತ್ರದ ಮಾತು. ಈ ಬಗೆಯ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಾಟಕ್ಕಿಟ್ಟದ್ದು 1997ರ ಡಿಸೆಂಬರಿನಲ್ಲಿ, ಜಪಾನಿನ ಟೊಯೊಟಾ ಕಂಪನಿ. ಕಾರಿನ ಹೆಸರು ಪ್ರಿಯಸ್. ಇದರಲ್ಲಿ ಪೆಟ್ರೋಲ್ ಇಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. ನಿಂತಲ್ಲಿಂದ ಹೊರಡುವಾಗ, ನಿಧಾನ ಚಲಿಸುವಾಗ ಮೋಟಾರು ದುಡಿಯುತ್ತದೆ. ವೇಗ ಹೆಚ್ಚಿದಾಗ, ಏರು ಹತ್ತುವಾಗ ಇಂಜಿನ್ ಕೈಗೂಡಿಸುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ವೇಗವೆಲ್ಲ ಬಿಸಿಯಾಗಿ ವ್ಯರ್ಥವಾಗಿ ಹೋಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಆ ಹೊತ್ತಿಗೆ ಮೋಟಾರೇ ಡೈನಮೋ ಆಗಿ ತಿರುಗಿ ಅದರ ಒಂದಂಶವನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಇದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಬೇಕಾದ ಅಗತ್ಯವಿಲ್ಲ.

ಆದುದರಿಂದ ಮತ್ತೆ ಮತ್ತೆ ನಿಂತು ಹೊರಡುವ ಪೇಟೆಯ ರಸ್ತೆಯಲ್ಲಿ ಇದರ ಉಳಿತಾಯ ಎದ್ದು ಕಾಣುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನಿಗೆ ಆ ಲಾಭ ತಗ್ಗುತ್ತದೆ. ಘಾಟಿ ಇಳಿಯುವಾಗ ಬ್ಯಾಟರಿ ತಾನಾಗಿ ತುಂಬುತ್ತದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ತುಂಬುವುದು ನಿಜ, ಆದರೆ ಪಾತ್ರೆ ಎಷ್ಟು ದೊಡ್ಡದೆಂದು ನೋಡಬೇಡವೇ? 2022ರಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಕಾರುಗಳ ಬ್ಯಾಟರಿಯಲ್ಲಿ ಹಿಡಿಸುವುದು 0.76 ಯೂನಿಟ್, ಅಂದರೆ ಮನೆಯ ಮೀಟರಿನ ಒಂದು ಯೂನಿಟ್ಟಿಗಿಂತ ಕಡಿಮೆ. ಜನ ಸೇರಿ 1,500 ಕಿಲೋ ತೂಗುವ ಕಾರು 500 ಮೀಟರು ಕೆಳಗಿಳಿದರೆ ಸುಮಾರು 2 ಯೂನಿಟ್ಟಿನಷ್ಟು ಶಕ್ತಿ ಹೊರಬರುತ್ತದೆ. ಗಾಳಿಗೂ ಚಕ್ರದ ಎಳೆತಕ್ಕೂ ಒಂದು ಪಾಲು ಹೋದರೂ ಘಾಟಿ ಮುಗಿಯುವ ಮೊದಲೇ ಬ್ಯಾಟರಿ ತುಂಬಿಹೋಗುವ ಸಂಭವವೇ ಹೆಚ್ಚು. ಮುಂದಿನ ಇಳಿಜಾರನ್ನು ಹಳೆಯ ಕ್ರಮದಲ್ಲೇ, ಇಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು.

ಇನ್ನು ಜನ ಇದನ್ನು ಏಕೆ ಕೊಳ್ಳುತ್ತಾರೆ ಎಂಬ ಪ್ರಶ್ನೆ. ಪೆಟ್ರೋಲ್ ಉಳಿಸಲು ಎಂಬ ಉತ್ತರ ಎಲ್ಲರ ಬಾಯಲ್ಲಿಯೂ ಇದೆ. ಆದರೆ ನಮಗಿಂತ ಮೊದಲು ಈ ಕಾರನ್ನು ಕೊಂಡ ಅಮೆರಿಕದವರ ಅನುಭವ ಬೇರೆಯದನ್ನೇ ಹೇಳುತ್ತದೆ. 2007ರಲ್ಲಿ ಅಲ್ಲಿಯ ಒಂದು ಮಾರುಕಟ್ಟೆ ಸಂಶೋಧನಾ ಸಂಸ್ಥೆ ಪ್ರಿಯಸ್ ಕೊಂಡವರನ್ನು ವಿಚಾರಿಸಿತು. ಅವರಲ್ಲಿ ಶೇ. 57 ಮಂದಿ ‘ನಾನು ಎಂಥವನೆಂಬುದನ್ನು ಈ ಕಾರು ನಾಲ್ಕು ಜನರಿಗೆ ತಿಳಿಸುತ್ತದೆ’ ಎಂಬ ಅರ್ಥದ ಕಾರಣ ಕೊಟ್ಟರು. ಇಂಧನದ ಉಳಿತಾಯವನ್ನು ಹೇಳಿದವರು ಶೇ. 36 ಮಾತ್ರ. ಪ್ರಿಯಸ್ ಕಾರಿನ ಆಕಾರವೇ ಬೇರೆ. ದೂರದಿಂದಲೇ ಗುರುತು ಸಿಗುತ್ತದೆ. ಸ್ಟೀವನ್ ಮತ್ತು ಅಲಿಸನ್ ಸೆಕ್ಸ್ಟನ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಲರಾಡೋ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಜನ ಆ ಗುರುತಿಗಾಗಿಯೇ, ಊರನ್ನು ಅವಲಂಬಿಸಿ, 430ರಿಂದ 4,200 ಡಾಲರುಗಳವರೆಗೆ ಹೆಚ್ಚು ತೆರಲು ಸಿದ್ಧರಿದ್ದರು.

ಇದಕ್ಕೂ ಕುತೂಹಲಕರವಾದ ಇನ್ನೊಂದು ಸಂಗತಿಯಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಟರೆಂಟೈನ್ ಮತ್ತು ಕುರಾನಿ ಎಂಬ ಸಂಶೋಧಕರು 57 ಮನೆಗಳ ವಾಹನ ಖರೀದಿಯ ಚರಿತ್ರೆಯನ್ನು ಕೂಲಂಕಷವಾಗಿ ವಿಚಾರಿಸಿ 2007ರಲ್ಲಿ ಬರೆದರು. ಕಾರು ಕೊಳ್ಳುವಾಗ ಇಂಧನದ ಖರ್ಚನ್ನು ಕ್ರಮವಾಗಿ ಲೆಕ್ಕ ಹಾಕಿದ ಮನೆ ಒಂದೂ ಇರಲಿಲ್ಲ. ಓದಿದವರು, ಹಣಕಾಸಿನ ವ್ಯವಹಾರ ಬಲ್ಲವರು, ಎಲ್ಲರ ಕಥೆಯೂ ಒಂದೇ. ನಾವು ಅವರನ್ನು ನೋಡಿ ನಗಬೇಕಾಗಿಲ್ಲ. ಮೈಲುತುತ್ತದ ಚೀಲ ಕಳೆದ ವರ್ಷಕ್ಕಿಂತ ಎಷ್ಟು ಏರಿತೆಂದು ಬಾಯಿಪಾಠ ಹೇಳುವ ನಮ್ಮವರಲ್ಲಿ, ತನ್ನ ಕಾರು ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿತೆಂದು ಹೇಳಬಲ್ಲವರು ಎಷ್ಟು ಮಂದಿ?

ಹಾಗೆಂದು ಕೊಳ್ಳುವವರೆಲ್ಲ ಡೌಲಿಗೆ ಕೊಳ್ಳುತ್ತಾರೆಂದು ನಾನು ಹೇಳಲಾರೆ. ನಮ್ಮ ಕಡೆ ಬಲವಾದ ಕಾರಣಗಳೂ ಇವೆ. ಡೀಸೆಲ್ ನಮ್ಮ ನೆಚ್ಚಿನ ಇಂಧನವಾಗಿತ್ತು. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು ತಡೆಯಿತು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಮುಂದೆ ಮಾರುವಾಗ ಡೀಸೆಲ್ ಕಾರಿಗೆ ಬೆಲೆ ಬಂದೀತೇ ಎಂಬ ಅಳುಕು ಮಲೆನಾಡಿಗೂ ಮುಟ್ಟಿತು. ಪೂರ್ಣ ವಿದ್ಯುತ್ ಕಾರು ಕೊಳ್ಳೋಣವೆಂದರೆ, ಆಷಾಢದ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಅದನ್ನು ನಂಬಿಕೊಂಡು ಆಸ್ಪತ್ರೆಗೆ ಹೊರಡುವುದಾದರೂ ಹೇಗೆ? ಹೈಬ್ರಿಡ್‌ಗೆ ಆ ಚಿಂತೆಯಿಲ್ಲ. ಗೇರು ಹಾಕುವ ಕೆಲಸವಿಲ್ಲದ್ದರಿಂದ ಮನೆಯ ಹಿರಿಯರಿಗೂ ಹೆಣ್ಣುಮಕ್ಕಳಿಗೂ ಘಾಟಿಯಲ್ಲಿ ಓಡಿಸುವುದು ಸುಲಭ. ಹೊಗೆ ಕಡಿಮೆ ಉಗುಳಬೇಕೆಂಬ ಮನಸ್ಸಾಕ್ಷಿಯೂ ಹಗುರವಾದ ಮಾತಲ್ಲ. ಹೂಮಳೆ ಹೊತ್ತು ತಪ್ಪಿದರೆ ವರ್ಷದ ಫಸಲೇ ತಪ್ಪುವುದನ್ನು ಕಂಡಿರುವ ನಮಗೆ ಹವೆಯ ಏರುಪೇರು ಪುಸ್ತಕದ ವಿಷಯವಲ್ಲ.

ಇವೆಲ್ಲ ಯೋಗ್ಯ ಕಾರಣಗಳೇ. ಆದರೆ ‘ಉಳಿತಾಯವಾಗುತ್ತದೆ’ ಎಂಬ ಕಾರಣಕ್ಕೆ ಸಾಲ ಮಾಡಹೊರಟವರು ಮಾತ್ರ ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು.

ಗ್ರ್ಯಾಂಡ್ ವಿಟಾರಾ ಬಂದಾಗ ಕಂಪನಿ ಘೋಷಿಸಿದ ಪರೀಕ್ಷಾ ಮೈಲೇಜು, ಕೈಗೇರಿನ ಪೆಟ್ರೋಲ್ ಕಾರಿಗೆ ಲೀಟರಿಗೆ 21.11 ಕಿ.ಮೀ., ಹೈಬ್ರಿಡ್‌ಗೆ 27.97 ಕಿ.ಮೀ. ಅಂದರೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚು. ನಮ್ಮ ರಸ್ತೆಯಲ್ಲಿ ಪರೀಕ್ಷೆಯ ಅಂಕಿ ದಕ್ಕುವುದಿಲ್ಲ. ಆದ್ದರಿಂದ ಸಾಮಾನ್ಯ ಕಾರಿಗೆ 15, ಹೈಬ್ರಿಡ್‌ಗೆ 20 ಎಂದು ಇಟ್ಟುಕೊಳ್ಳೋಣ. ಪೆಟ್ರೋಲ್ ಲೀಟರಿಗೆ ರೂ. 100 ಎಂದು ಹಿಡಿದರೆ 1,000 ಕಿ.ಮೀ.ಗೆ ಒಂದಕ್ಕೆ ರೂ. 6,667, ಇನ್ನೊಂದಕ್ಕೆ ರೂ. 5,000 ಬೇಕು. ಉಳಿಯುವುದು ರೂ. 1,667.

ಎರಡು ಕಾರುಗಳ ಬೆಲೆಯ ಅಂತರ ರೂ. 2,50,000 ಎಂದು ಭಾವಿಸೋಣ. ಡೀಲರ್ ಹೇಳುವ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಅಷ್ಟು ಹಣ ಪೆಟ್ರೋಲಿನಲ್ಲಿ ಹುಟ್ಟಬೇಕಾದರೆ ಕಾರು 1,50,000 ಕಿ.ಮೀ. ಓಡಬೇಕು. ವರ್ಷಕ್ಕೆ 10,000 ಕಿ.ಮೀ. ಓಡಿಸುವವನಿಗೆ ಅದು 15 ವರ್ಷದ ಮಾತು. ಬ್ಯಾಟರಿಗೆ ಟೊಯೊಟಾ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಅಂದರೆ ಹಣ ಹುಟ್ಟುವ ಮೊದಲೇ ವಾರಂಟಿ ಮುಗಿದಿರುತ್ತದೆ.

ಇದಕ್ಕೆ ಬಡ್ಡಿ ಸೇರಿಸಿದರೆ ಚಿತ್ರ ಇನ್ನೂ ಸ್ಪಷ್ಟ. ಎರಡೂವರೆ ಲಕ್ಷಕ್ಕೆ ಶೇ. 9ರಂತೆ ಮೊದಲ ವರ್ಷದ ಬಡ್ಡಿ ರೂ. 22,500. ಹತ್ತು ಸಾವಿರ ಕಿ.ಮೀ. ಓಡಿಸಿದವನ ಪೆಟ್ರೋಲ್ ಉಳಿತಾಯ ರೂ. 16,667. ಬಡ್ಡಿಗೇ ಸಾಲದು! ಬಡ್ಡಿಯಷ್ಟಾದರೂ ಗಿಟ್ಟಬೇಕೆಂದರೆ ವರ್ಷಕ್ಕೆ ಸುಮಾರು 13,500 ಕಿ.ಮೀ. ಓಡಿಸಬೇಕು. ಅದೇ ವರ್ಷಕ್ಕೆ 25,000 ಕಿ.ಮೀ. ಸುತ್ತುವ ವ್ಯಾಪಾರಿಗೆ ರೂ. 41,667 ಉಳಿದು, ಬಡ್ಡಿ ಕಳೆದ ಮೇಲೂ ಹತ್ತೊಂಬತ್ತು ಸಾವಿರ ಕೈಯಲ್ಲಿರುತ್ತದೆ. ಒಂದೇ ಕಾರು ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಹೊರೆ.

ತೋಟದ ದೃಷ್ಟಿಯಿಂದ ಮತ್ತೊಂದು ಮಾತು. ಮೇಲೆ ಹೇಳಿದ ಎರಡೂ ಕಾರುಗಳು 2022ರಲ್ಲಿ ಬಂದಾಗ ಹೈಬ್ರಿಡ್ ಮಾದರಿಗೆ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತವಿತ್ತು. ನಾಲ್ಕು ಚಕ್ರದ ಎಳೆತ ಬೇಕೆಂದವರು ಸಾಮಾನ್ಯ ಪೆಟ್ರೋಲ್ ಮಾದರಿಯನ್ನೇ ಕೊಳ್ಳಬೇಕಿತ್ತು. ಹಿಂದಿನ ಡಿಕ್ಕಿಯ ಜಾಗದಲ್ಲಿಯೂ ಒಂದಂಶವನ್ನು ಬ್ಯಾಟರಿ ತಿನ್ನುತ್ತದೆ. ಜುಲೈ ತಿಂಗಳ ಕೆಸರಿನಲ್ಲಿ ಗೇಟಿನಿಂದ ಮನೆಯವರೆಗೆ ಹತ್ತಬೇಕಾದವರು ಇದನ್ನು ಮೈಲೇಜಿಗಿಂತ ಮೊದಲು ವಿಚಾರಿಸಬೇಕು.

ಸರ್ಕಾರದ ನೀತಿಯನ್ನೂ ಇಲ್ಲಿ ಪ್ರಸ್ತಾಪಿಸದೆ ಇರಲಾಗದು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಇಂಥ ಹೈಬ್ರಿಡ್ ಕಾರಿಗೆ ಸೆಸ್ ಸೇರಿ ಶೇ. 43 ತೆರಿಗೆ ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಶೇ. 40 ಆಯಿತು, ಅಷ್ಟೇ ಗಾತ್ರದ ಸಾಮಾನ್ಯ ಪೆಟ್ರೋಲ್ ಕಾರಿಗೂ ಅದೇ ಶೇ. 40. ವಿದ್ಯುತ್ ಕಾರಿಗೆ ಶೇ. 5. ಪೇಟೆಯಲ್ಲಿ ಚಾರ್ಜಿಂಗ್ ಕೇಂದ್ರದ ಪಕ್ಕದಲ್ಲಿರುವವನಿಗೆ ರಿಯಾಯಿತಿ, ಕರೆಂಟೇ ನಿಲ್ಲದ ಊರಿನವನು ಕಡಿಮೆ ಪೆಟ್ರೋಲ್ ಸುಟ್ಟರೂ ರಿಯಾಯಿತಿ ಇಲ್ಲವೆಂದರೆ ನ್ಯಾಯವೆನಿಸದು. ಉತ್ತರ ಪ್ರದೇಶ ಸರ್ಕಾರ 2024ರ ಜುಲೈನಲ್ಲಿ ಇಂಥ ಕಾರುಗಳ ನೋಂದಣಿ ತೆರಿಗೆ ಮನ್ನಾ ಮಾಡಿತ್ತು. ಆಮೇಲೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿಗಿಂತ ಕೊಳ್ಳುವಾಗಲೇ ಕೈಗೆ ಸಿಗುವ ಮಾರಾಟ ತೆರಿಗೆಯ ರಿಯಾಯಿತಿ ಎಷ್ಟೋ ಪಾಲು ಪರಿಣಾಮಕಾರಿ ಎಂದು ಗ್ಯಾಲಘರ್ ಮತ್ತು ಮ್ಯೂಲೆಗರ್ ಅಮೆರಿಕದ ಅಂಕಿಗಳಿಂದ 2011ರಲ್ಲಿ ತೋರಿಸಿದ್ದಾರೆ. ಸಹಾಯಧನದ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ನಮಗೆ ಇದನ್ನು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಆದರೆ ದುಬಾರಿ ಕಾರು ಕೊಳ್ಳುವವನಿಗೆ ಬಡವನ ತೆರಿಗೆಯಿಂದ ರಿಯಾಯಿತಿ ಏಕೆಂದು ಕೇಳುವವರ ಮಾತಿನಲ್ಲಿಯೂ ತಿರುಳಿದೆ. ಕೊಡುವುದಾದರೆ ಚಿಕ್ಕ ಕಾರು, ಸರಕು ಸಾಗಿಸುವ ಪಿಕಪ್‌ಗಳಿಂದ ಮೊದಲುಮಾಡಲಿ ಎಂಬುದು ನನ್ನ ಅಭಿಪ್ರಾಯ.

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಕಾರಿನೊಳಗೆ ಒಂದು ನೋಟ್‌ಬುಕ್ ಇಟ್ಟು ಮೂರು ತಿಂಗಳ ಓಡಾಟವನ್ನು ಬರೆಯಿರಿ. ಅದನ್ನು ನಾಲ್ಕರಿಂದ ಗುಣಿಸಿ. ಹದಿಮೂರು ಸಾವಿರ ದಾಟದಿದ್ದರೆ ಉಳಿತಾಯದ ಮಾತನ್ನು ಬದಿಗಿಡಿ. ಆ ಬಳಿಕವೂ ಸುಖಕ್ಕೆ, ಸದ್ದಿಲ್ಲದ ಓಟಕ್ಕೆ, ಮನಸ್ಸಾಕ್ಷಿಗೆ ಬೇಕೆನಿಸಿದರೆ, ಕೈಯಲ್ಲಿ ಹಣವಿದ್ದರೆ, ಸಂತೋಷವಾಗಿ ಕೊಳ್ಳಿ, ಯಾರೂ ಬೇಡವೆನ್ನಲಾರರು. ಬ್ಯಾಟರಿ ವಾರಂಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಹತ್ತಿರದ ವರ್ಕ್‌ಶಾಪಿನಲ್ಲಿ ಈ ಕೆಲಸ ಕಲಿತವರಿದ್ದಾರೆಯೇ ಎಂದು ವಿಚಾರಿಸಿ.

ಆದರೆ ತೋಟವನ್ನು ಅಡವಿಟ್ಟು ಕೊಳ್ಳುವ ವಸ್ತು ಇದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿ ಬೆಲೆ ಕುಸಿದಾಗ ಒಳ್ಳೆಯ ವರ್ಷಗಳಲ್ಲಿ ಮಾಡಿದ ಸಾಲದ ಕಂತು ಕಟ್ಟಲಾಗದೆ ತೋಟ ಮಾರಿದವರನ್ನು ನಾವು ಕಂಡಿದ್ದೇವೆ. ಅಡಿಕೆಗೆ ಎಲೆಚುಕ್ಕಿ ರೋಗ ಬಾಗಿಲಲ್ಲೇ ನಿಂತಿದೆ. ಹಳೆಯ ಗಿಡ ಕಿತ್ತು ನೆಡುವ ಕೆಲಸ, ಸಿಮೆಂಟು ಕಣ, ಕೆರೆಯ ಹೂಳು, ಎಲ್ಲವೂ ಹಣ ಕೇಳುತ್ತಿವೆ. ಬೆಲೆ ಬಂದ ವರ್ಷದ ಹಣ ಮೊದಲು ಸೇರಬೇಕಾದದ್ದು ಮಣ್ಣಿಗೆ. ತೋಟ ಚೆನ್ನಾಗಿದ್ದರೆ ಕಾರು ಮುಂದಿನ ವರ್ಷವೂ ಸಿಗುತ್ತದೆ.