ಏರಿದ ಬೆಲೆಗೆ ದುಡ್ಡು ಹಾಕಿದವರು ಯಾರು?

ಬಿಟ್‌ಕಾಯಿನ್ ಬರೀ ಗುಳ್ಳೆ, ಇನ್ನೇನು ಒಡೆದೇ ಹೋಗುತ್ತದೆ ಎನ್ನುತ್ತ ಬಂದವರ ಮಾತು ಹಲವು ಸಲ ನಿಜವಾಗಿದೆ, ಅಷ್ಟೇ ಸಲ ಸುಳ್ಳೂ ಆಗಿದೆ. 2017ರ ಡಿಸೆಂಬರ್‌ನಲ್ಲಿ 20 ಸಾವಿರ ಡಾಲರ್‌ ಹತ್ತಿರವಿದ್ದ ಬೆಲೆ ಒಂದೇ ವರ್ಷದಲ್ಲಿ ಮೂರು ಸಾವಿರ ಚಿಲ್ಲರೆಗೆ ಇಳಿಯಿತು. ಕಥೆ ಮುಗಿಯಿತು ಅಂದುಕೊಂಡರೆ 2021ರ ನವೆಂಬರ್‌ನಲ್ಲಿ 69 ಸಾವಿರದ ಆಸುಪಾಸು. ಮರುವರ್ಷ ಎಫ್‌ಟಿಎಕ್ಸ್ ಎಂಬ ದೊಡ್ಡ ವಿನಿಮಯ ಕೇಂದ್ರ ಮುಳುಗಿದಾಗ 16 ಸಾವಿರಕ್ಕಿಂತ ಕೆಳಗೆ. 2025ರ ಅಕ್ಟೋಬರ್‌ನಲ್ಲಿ 1 ಲಕ್ಷ 26 ಸಾವಿರ, ಮುಂದಿನ ತಿಂಗಳೇ 90 ಸಾವಿರದ ಕೆಳಗೆ. ಗುಳ್ಳೆಯ ಮಾತು ಬಂದಾಗಲೆಲ್ಲ ಹಾಲೆಂಡಿನ ಟುಲಿಪ್ ಗೆಡ್ಡೆಗಳ ಉದಾಹರಣೆ ಕೊಡುತ್ತಾರೆ. 1637ರಲ್ಲಿ ಬಿದ್ದ ಆ ಬೆಲೆ ಮತ್ತೆ ಮೇಲೇಳಲಿಲ್ಲ. ಬಿಟ್‌ಕಾಯಿನ್ ಬಿದ್ದು ಬಿದ್ದು ಏಳುತ್ತಿದೆ. ಹಾಗಾಗಿ ಬೆಲೆಯ ಏರಿಳಿತವನ್ನೇ ನೋಡಿಕೊಂಡು ವಾದಕ್ಕೆ ಕೂತರೆ ಆ ವಾದ ಬಗೆಹರಿಯುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಲಾಭ ಮಾಡಿಕೊಂಡವನ ಕೈಗೆ ಬಂದ ದುಡ್ಡು ಎಲ್ಲಿಂದ ಬಂತು?

ತೋಟಕ್ಕೆ ಫಸಲಿದೆ, ಮನೆಗೆ ಬಾಡಿಗೆ ಇದೆ, ಒಳ್ಳೆಯ ಕಂಪನಿಯ ಷೇರಿಗೆ ಅದರ ವ್ಯಾಪಾರದ ಲಾಭವಿದೆ. ಬೆಲೆ ಏರಲಿ ಇಳಿಯಲಿ, ಆ ಆಸ್ತಿ ದುಡಿಯುತ್ತಿರುತ್ತದೆ. ಬಿಟ್‌ಕಾಯಿನ್‌ಗೆ ಅಂಥ ದುಡಿಮೆ ಇಲ್ಲ. ಹತ್ತು ವರ್ಷ ಇಟ್ಟುಕೊಂಡರೂ ಒಂದು ಒಂದೇ. ಅದನ್ನು ಮಾರಿ ಒಬ್ಬರು ಹತ್ತು ಲಕ್ಷ ಗಳಿಸಿದರೆ, ಆ ಹತ್ತು ಲಕ್ಷವನ್ನು ಇನ್ನೊಬ್ಬರು ತಮ್ಮ ಉಳಿತಾಯದಿಂದಲೋ ಸಾಲದಿಂದಲೋ ತಂದು ಹಾಕಿರುತ್ತಾರೆ. ಬೇರೆ ಮೂಲವೇ ಇಲ್ಲ.

ಸಾಲದ್ದಕ್ಕೆ ದುಡ್ಡು ಪ್ರತಿದಿನ ಹೊರಗೆ ಸೋರುತ್ತಲೂ ಇದೆ. ಬಿಟ್‌ಕಾಯಿನ್ ವ್ಯವಹಾರಗಳನ್ನು ಲೆಕ್ಕಕ್ಕೆ ಸೇರಿಸುವ ಪೈಪೋಟಿಯಲ್ಲಿ ಗೆದ್ದ ಕಂಪ್ಯೂಟರ್‌ಗೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ನಾಣ್ಯಗಳು ಬಹುಮಾನವಾಗಿ ಸಿಗುತ್ತವೆ. ಇದೇ ಮೈನಿಂಗ್. 2009ರಲ್ಲಿ ಒಂದು ಸಲಕ್ಕೆ 50 ಬಿಟ್‌ಕಾಯಿನ್ ಸಿಗುತ್ತಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು, 2024ರ ಏಪ್ರಿಲ್‌ನಲ್ಲಿ ಅದು 3.125ಕ್ಕೆ ಇಳಿಯಿತು. ದಿನಕ್ಕೆ 144 ಸಲ ಎಂದರೆ 450 ಬಿಟ್‌ಕಾಯಿನ್. ಒಂದಕ್ಕೆ ಲಕ್ಷ ಡಾಲರ್ ಎಂದು ಹಿಡಿದರೆ ನಾಲ್ಕೂವರೆ ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 350 ಕೋಟಿ ರೂಪಾಯಿಗೂ ಮೇಲೆ. ಕರೆಂಟ್ ಬಿಲ್ಲನ್ನೂ ಯಂತ್ರಗಳ ಕಂತನ್ನೂ ಮೈನಿಂಗ್ ಮಾಡುವವರು ಮಾಮೂಲಿ ಹಣದಲ್ಲೇ ಕಟ್ಟಬೇಕು. ಅದಕ್ಕಾಗಿ ಸಿಕ್ಕಿದ್ದರಲ್ಲಿ ದೊಡ್ಡ ಪಾಲನ್ನು ಮಾರಲೇಬೇಕು. ಬೆಲೆ ಏರುವ ಮಾತು ಹಾಗಿರಲಿ, ಇದ್ದಲ್ಲೇ ನಿಲ್ಲಬೇಕಾದರೂ ಬೆಳಗಾದರೆ ಅಷ್ಟು ಹೊಸ ದುಡ್ಡು ಎಲ್ಲಿಂದಲೋ ಬಂದು ಬೀಳುತ್ತಿರಬೇಕು. ಯೂಟ್ಯೂಬಿನಲ್ಲಿ ಕ್ರಿಪ್ಟೋ ಪಾಠ ಹೇಳುವವರು ಈ ಲೆಕ್ಕವನ್ನು ಹೇಳುವುದು ಅಪರೂಪ.

ಚಿನ್ನವೂ ಬಡ್ಡಿ ಕೊಡುವುದಿಲ್ಲವಲ್ಲ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚಿನ್ನದ ಬೆಲೆಯಲ್ಲೂ ಸಟ್ಟಾದ ಪಾಲಿದೆ. ಆದರೆ ಬೆಲೆ ಅರ್ಧಕ್ಕೆ ಇಳಿದ ದಿನವೂ ಬಳೆ ಬಳೆಯಾಗಿಯೇ ಇರುತ್ತದೆ, ಮಗಳ ಮದುವೆಗೆ ಆಗುತ್ತದೆ, ಕಷ್ಟ ಬಂದರೆ ಸೊಸೈಟಿಯಲ್ಲಿ ಅಡವಿಡಲು ಆಗುತ್ತದೆ. ಬಿಟ್‌ಕಾಯಿನ್ 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಹುಟ್ಟುವುದಿಲ್ಲ, ಅದಕ್ಕೇ ಬೆಲೆ ಎಂಬ ಇನ್ನೊಂದು ವಾದವಿದೆ. ಆ ಮಿತಿ ಬಿಟ್‌ಕಾಯಿನ್‌ಗೆ ಮಾತ್ರ. ಅದರ ಪಕ್ಕದಲ್ಲಿ ಹೊಸ ನಾಣ್ಯ ಹುಟ್ಟಿಸುವವರಿಗೆ ಯಾವ ತಡೆಯೂ ಇಲ್ಲ. 2025ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಳ್ಳುವ ಮೂರು ದಿನ ಮೊದಲು ಅವರ ಹೆಸರಿನದೇ ಒಂದು ನಾಣ್ಯ ಬಂತು. ಎರಡು ದಿನದಲ್ಲಿ 70 ಡಾಲರ್ ದಾಟಿ, ಎರಡು ತಿಂಗಳೊಳಗೆ 15ಕ್ಕಿಂತ ಕೆಳಗೆ ಬಿತ್ತು.

ಈ ತಂತ್ರಜ್ಞಾನವನ್ನು ನಾನು ಹೀಗಳೆಯುವುದಿಲ್ಲ. ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಯಾರೋ 2008ರಲ್ಲಿ ಬರೆದ ಒಂಬತ್ತು ಪುಟದ ಲೇಖನದಿಂದ ಹುಟ್ಟಿದ ಈ ಲೆಕ್ಕದ ಪುಸ್ತಕ ಯಾವ ಬ್ಯಾಂಕಿನ ಹಂಗೂ ಇಲ್ಲದೆ ನಡೆದುಕೊಂಡು ಬಂದಿದೆ. ಆದರೆ ಹಣವಾಗಿ ಅದು ಗೆಲ್ಲಲಿಲ್ಲ. 2021ರಲ್ಲಿ ಎಲ್ ಸಾಲ್ವಡಾರ್ ದೇಶ ಅದನ್ನು ಅಧಿಕೃತ ಹಣ ಎಂದು ಘೋಷಿಸಿ, ಆ್ಯಪ್ ಹಾಕಿಕೊಂಡವರಿಗೆ 30 ಡಾಲರ್ ಉಚಿತವಾಗಿ ಕೊಟ್ಟಿತು. ಜನ ಅಂಗಡಿಯಲ್ಲಿ ಡಾಲರ್ ಬಳಸುವುದನ್ನು ಬಿಡಲಿಲ್ಲ. ಐಎಂಎಫ್ ಸಾಲದ ಷರತ್ತಿಗೆ ಒಪ್ಪಿ ಆ ಸರ್ಕಾರ 2025ರಲ್ಲಿ ಕಾನೂನನ್ನೇ ಸಡಿಲಿಸಿತು.

ನಮ್ಮ ಮಲೆನಾಡು, ಕರಾವಳಿಯ ರೈತರಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕಾಗಿಲ್ಲ. ಅವರು ವೆನಿಲ್ಲಾ ಕಂಡವರು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಜಗತ್ತಿನಲ್ಲಿ ವೆನಿಲ್ಲಾ ಕೊರತೆಯಾಗಿ, 2003ರ ಹೊತ್ತಿಗೆ ಇಲ್ಲಿ ಹಸಿ ಬೀನ್ಸ್ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡಿ, ರಾತ್ರಿ ಟಾರ್ಚ್ ಹಿಡಿದು ತೋಟ ಕಾಯುತ್ತಿದ್ದರು. ಆದರೆ ಆ ದಿನಗಳಲ್ಲಿ ಎಷ್ಟೋ ಕಡೆ ದುಡ್ಡು ಓಡಾಡಿದ್ದು ಬೀನ್ಸ್‌ನಿಂದಲ್ಲ, ಬಳ್ಳಿಯಿಂದ. ಮೊದಲು ನೆಟ್ಟವರು ಬಳ್ಳಿ ತುಂಡು ಮಾಡಿ ಅಡಿ ಲೆಕ್ಕದಲ್ಲಿ ಹೊಸಬರಿಗೆ ಮಾರಿದರು, ಹೊಸಬರು ಅದು ಚಿಗುರಿದೊಡನೆ ಇನ್ನೂ ಹೊಸಬರಿಗೆ ಮಾರಿದರು. ಐಸ್‌ಕ್ರೀಂ ಕಂಪನಿಗಳು ಕೃತಕ ವೆನಿಲಿನ್‌ಗೆ ತಿರುಗಿದವು, ಮಡಗಾಸ್ಕರ್‌ನ ಬೆಳೆ ಚೇತರಿಸಿಕೊಂಡಿತು, ಕೆಲವೇ ವರ್ಷದಲ್ಲಿ ಬೆಲೆ ನೂರು ರೂಪಾಯಿಯ ಆಸುಪಾಸಿಗೆ ಬಂತು. ಕೊನೆಗೆ ಬಳ್ಳಿ ಕೊಂಡವರ ಬಳಿ ಬಳ್ಳಿ ಮಾತ್ರ ಉಳಿಯಿತು. ಅಂಥ ವೆನಿಲ್ಲಾಕ್ಕೂ ಕೊಳ್ಳುವ ಕಾರ್ಖಾನೆ ಒಂದಿತ್ತು. ಬಿಟ್‌ಕಾಯಿನ್‌ನಲ್ಲಿ ಇರುವುದೇ ಬಳ್ಳಿಯ ವ್ಯಾಪಾರ. ಹಾಗಾಗಿ ಇದನ್ನು ಗುಳ್ಳೆ ಎನ್ನಲು ನನಗೆ ಹಿಂಜರಿಕೆ ಇಲ್ಲ. ನಾಳೆ ಬೆಲೆ ಎರಡು ಲಕ್ಷ ಡಾಲರ್ ಆದರೂ ಇದೇ ಮಾತು ಹೇಳುತ್ತೇನೆ, ಏಕೆಂದರೆ ಆಗ ಒಳಗೆ ಬರುವವರು ಇನ್ನೂ ಹೆಚ್ಚು ದುಡ್ಡು ತರಬೇಕಾಗುತ್ತದೆ.

ನನ್ನ ಆತಂಕವಿರುವುದು ಈ ಕೊನೆಯಲ್ಲಿ ಬರುವವರ ಬಗ್ಗೆ. ಮೊದಲ ಸಂಬಳ ಎಣಿಸಿದ ಹುಡುಗರು, ಪರ್ಸನಲ್ ಲೋನ್ ತೆಗೆದು ಹಾಕುವವರು ಹೇಳುವ ಒಂದು ಮಾತಿದೆ: 'ಸರ್ಕಾರವೇ ಟ್ಯಾಕ್ಸ್ ಹಾಕಿದೆ ಅಂದಮೇಲೆ ಒಪ್ಪಿಕೊಂಡ ಹಾಗೇ ಅಲ್ವಾ ಸಾರ್?' ಅಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು, 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು, 2022ರ ಬಜೆಟ್ ಲಾಭದ ಮೇಲೆ ಶೇ 30 ತೆರಿಗೆ ಹಾಕಿತು. ಒಂದು ನಾಣ್ಯದಲ್ಲಿ ಕಳೆದುಕೊಂಡಿದ್ದನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ತೆರಿಗೆ ಹಾಕಿದ ಮಾತ್ರಕ್ಕೆ ಮಾನ್ಯತೆ ಕೊಟ್ಟಂತಲ್ಲ ಎಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದ್ದಾರೆ. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿದ್ದ ಕ್ರಿಪ್ಟೋ ಮಸೂದೆ ಮಾತ್ರ ಮಂಡನೆಯಾಗಲೇ ಇಲ್ಲ.

ಕಾನೂನಿನ ಆ ಖಾಲಿ ಜಾಗದ ಬೆಲೆ ಏನೆಂದು 2024ರ ಜುಲೈ 18ರಂದು ಗೊತ್ತಾಯಿತು. ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ವಹಿವಾಟು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ದುಡ್ಡು ಹಾಕಿದವರು ಭಾರತದವರು, ಆದರೆ ಯಾರಿಗೆ ಎಷ್ಟು ವಾಪಸ್ ಎಂಬುದು ತೀರ್ಮಾನವಾದದ್ದು ಸಿಂಗಪುರದ ಹೈಕೋರ್ಟಿನಲ್ಲಿ, ಏಕೆಂದರೆ ಮಾತೃ ಕಂಪನಿ ಅಲ್ಲಿಯದು. ಲಾಭದಲ್ಲಿ ಮೂರನೆಯ ಒಂದು ಪಾಲಿನಷ್ಟು ಪಡೆಯುವ ಸರ್ಕಾರ, ಗ್ರಾಹಕರ ನಾಣ್ಯಗಳನ್ನು ಕಂಪನಿಯ ಆಸ್ತಿಯಿಂದ ಬೇರೆಯಾಗಿ ಇಡಬೇಕು, ಕಳೆದುಹೋದರೆ ಇಲ್ಲಿಯ ನ್ಯಾಯಾಲಯಕ್ಕೇ ಉತ್ತರ ಕೊಡಬೇಕು ಎಂಬ ಎರಡು ಸಾಲಿನ ಕಾನೂನನ್ನಾದರೂ ಮುಂದಿನ ಅಧಿವೇಶನದಲ್ಲಿ ತರಲಿ.