ಶಾಲೆಗೂ ಒಂದು ಎಫ್‌ಆರ್‌ಪಿ ಬೇಕು

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ಕಬ್ಬು ಬೆಳೆಗಾರರಿಗೆ ಎಫ್‌ಆರ್‌ಪಿ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಕಾರ್ಖಾನೆ ಲಾಭದಲ್ಲಿರಲಿ, ನಷ್ಟದಲ್ಲಿರಲಿ, ಟನ್ನಿಗೆ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ. ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೈಸೇರಬೇಕು, ತಡವಾದರೆ ಬಡ್ಡಿ. ಕೊಡದಿದ್ದರೆ ಹೆದ್ದಾರಿಗೆ ಇಳಿಯುವುದು ಹಸಿರು ಶಾಲಿನ ಈ ಸೀಮೆಗೆ ಹೊಸದೇನಲ್ಲ. ನಾಗಮಂಗಲದ ರಾಗಿ ಬೆಳೆಗಾರರಿಗೂ ಬೆಂಬಲ ಬೆಲೆ ಎಂಬುದೊಂದಿದೆ. ಅದೇ ಮನೆಯ ಮಗ ಓದುವ ಸರ್ಕಾರಿ ಶಾಲೆಗೆ, ಮಗಳು ಹೋಗುವ ಪ್ರಥಮ ದರ್ಜೆ ಕಾಲೇಜಿಗೆ ಸರ್ಕಾರ ವರ್ಷಕ್ಕೆ ಕನಿಷ್ಠ ಇಷ್ಟು ಕೊಡಲೇಬೇಕು ಎನ್ನುವ ಕಾನೂನು ಮಾತ್ರ ಈ ರಾಜ್ಯದಲ್ಲಿಲ್ಲ. ಅದನ್ನು ಕೇಳಿ ನಾವು ಒಂದು ದಿನವೂ ರಸ್ತೆಗೆ ಇಳಿದಿಲ್ಲ.

ಕೊಠಾರಿ ಆಯೋಗ 1966ರಲ್ಲಿ ರಾಷ್ಟ್ರೀಯ ವರಮಾನದ ಶೇ 6ರಷ್ಟು ಶಿಕ್ಷಣಕ್ಕೆ ಎಂದಿತು. 1968ರ ನೀತಿ ಒಪ್ಪಿತು, 2020ರ ನೀತಿ ಮತ್ತೊಮ್ಮೆ ಒಪ್ಪಿತು. ದೇಶ ಇನ್ನೂ ಆ ಗುರಿ ಮುಟ್ಟಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಹಣ ಒದಗಿಸುವುದು ಸರ್ಕಾರಗಳ ಹೊಣೆ ಎನ್ನುತ್ತದೆ; ಎಷ್ಟು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. 2024-25ರ ಬಜೆಟ್ 3.71 ಲಕ್ಷ ಕೋಟಿ. ಶಿಕ್ಷಣಕ್ಕೆ 44,422 ಕೋಟಿ. ಮರುವರ್ಷ ಬಜೆಟ್ 4.09 ಲಕ್ಷ ಕೋಟಿಗೆ ಏರಿತು. ಶಿಕ್ಷಣಕ್ಕೆ ಸಿಕ್ಕಿದ್ದು 45,286 ಕೋಟಿ. ಒಟ್ಟು ಗಾತ್ರ 38 ಸಾವಿರ ಕೋಟಿ ಬೆಳೆದರೆ ಮಕ್ಕಳ ಪಾಲಿಗೆ ಬೆಳೆದದ್ದು 864 ಕೋಟಿ. ಶೇ 12 ಇದ್ದದ್ದು ಶೇ 11ಕ್ಕೆ ಇಳಿಯಿತು. ವಿಧಾನಸೌಧದಲ್ಲಿ ಯಾರೂ ಮೇಜು ಮುರಿಯಲಿಲ್ಲ, ಏಕೆಂದರೆ ಯಾವ ಕಾನೂನೂ ಮುರಿದಿರಲಿಲ್ಲ. ಸರ್ಕಾರ ಎಷ್ಟು ಸಾಲ ಮಾಡಬಹುದು ಎಂಬುದಕ್ಕೆ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಿದೆ. ಆ ಮಿತಿಯೊಳಗೆ ಲೆಕ್ಕ ಹೊಂದಿಸುವಾಗ ಮೊದಲು ಕತ್ತರಿ ಬೀಳುವುದು ಕಾನೂನಿನ ಕಾವಲಿಲ್ಲದ ಬಾಬ್ತಿಗೆ.

ಕತ್ತರಿಯ ಗುರುತು ಹಳ್ಳಿಯಲ್ಲಿ ಕಾಣುತ್ತದೆ. ಮೂವತ್ತು ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ವರ್ಷದ ಶಾಲಾ ಅನುದಾನ 10,000 ರೂಪಾಯಿ. ದಿನಕ್ಕೆ 27 ರೂಪಾಯಿ ಎನ್ನಿ. ಚಾಕ್‌ಪೀಸು, ಪೊರಕೆ, ಹಾಜರಿ ಪುಸ್ತಕ, ಮುರಿದ ನಲ್ಲಿ, ಸೋರುವ ಹೆಂಚು, ಎಲ್ಲಕ್ಕೂ ಅಷ್ಟೇ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಘೋಷಿಸಿದ್ದನ್ನು ಮೆಚ್ಚಲೇಬೇಕು. ಆದರೆ ಅದರ ಹಿಂದಿನ ವರ್ಷ, ಅಕ್ಟೋಬರ್‌ನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಸುತ್ತೋಲೆ ಬಂದಿತ್ತು. ಕೂಲಿಯವರ ಮಕ್ಕಳು ಓದುವ ಶಾಲೆಯಲ್ಲಿ ಜೋಳಿಗೆ ಹಿಡಿಯಿರಿ ಎಂಬ ಆ ಆದೇಶ ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ವಾಪಸಾಯಿತು. ಜನ ಕೂಗಿದರೆ ಕೇಳಿಸುತ್ತದೆ, ನೆನಪಿರಲಿ.

ಇನ್ನು ಪಾಠ ಮಾಡುವವರು. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ 2025ರ ಬಜೆಟ್‌ನಲ್ಲಿ 2,000 ಸೇರಿಸಿದ ಮೇಲೆ ತಿಂಗಳಿಗೆ 12,000. ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ತಿಂಗಳಿಗೂ ಮೀರಿ ಮುಷ್ಕರ ಹೂಡಿದಾಗ ಪದವಿ ತರಗತಿಗಳೇ ನಿಂತವು. ಅತಿಥಿಗಳಿಲ್ಲದೆ ಮನೆಯೇ ನಡೆಯದು ಎಂದಾದರೆ ಮನೆಯವರು ಎಲ್ಲಿ? ಮಂಡ್ಯದ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ, ಹಣವಿಲ್ಲವೆಂದು ಮುಚ್ಚಲು ಸಂಪುಟ ಉಪಸಮಿತಿ ಯೋಚಿಸಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಅದರ ಹೆಸರೂ ಇತ್ತು. ಹೆತ್ತವರು ಒಂದು ಸರ್ಕಾರದವರು, ಕೈಬಿಡಹೊರಟವರು ಇನ್ನೊಂದು ಸರ್ಕಾರದವರು. ತೊಟ್ಟಿಲು ಖಾಲಿ ಇಟ್ಟವರು ಇಬ್ಬರೂ.

ದುಡ್ಡೆಲ್ಲಿದೆ ಎನ್ನುವವರು ಕನ್ನಂಬಾಡಿ ಕಟ್ಟೆಯ ಮೇಲೆ ನಿಂತು ಹೇಳಲಿ. 1911ರಲ್ಲಿ ಆ ಕೆಲಸ ಶುರುವಾಗಿ ಖಜಾನೆ ಬಸಿಯುತ್ತಿದ್ದ ಕಾಲದಲ್ಲೇ, 1913ರಲ್ಲಿ, ಮೈಸೂರು ಸಂಸ್ಥಾನ ಆಯ್ದ ಕಡೆಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ತಂದಿತು. 1916ರಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಅಣೆಕಟ್ಟೆ ಮುಗಿಯಲಿ, ಆಮೇಲೆ ಶಾಲೆ ನೋಡೋಣ ಎಂದು ವಿಶ್ವೇಶ್ವರಯ್ಯನವರು ಹೇಳಲಿಲ್ಲ.

ಕನಿಷ್ಠ ಪಾಲನ್ನು ಕಾನೂನಿನಲ್ಲಿ ಬರೆಯುವುದು ಆಗದ ಮಾತೇನಲ್ಲ. ಬ್ರೆಜಿಲ್ ತನ್ನ 1988ರ ಸಂವಿಧಾನದಲ್ಲೇ ಬರೆದುಕೊಂಡಿದೆ: ರಾಜ್ಯಗಳು, ಪುರಸಭೆಗಳು ತೆರಿಗೆ ವರಮಾನದ ಶೇ 25ನ್ನು ಶಿಕ್ಷಣಕ್ಕೆ ಕೊಡಲೇಬೇಕು. ಅಷ್ಟು ದೂರ ಏಕೆ, ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಹಣ ಮೀಸಲಿಡಬೇಕೆಂದು ಕರ್ನಾಟಕವೇ 2013ರಲ್ಲಿ ಕಾಯ್ದೆ ಮಾಡಿದೆ. ಆ ಹಣವನ್ನೂ ಬೇರೆಡೆಗೆ ತಿರುಗಿಸುತ್ತಾರೆಂಬ ದೂರಿದೆ, ನಿಜ. ಕಾಯ್ದೆ ಇರುವುದರಿಂದಲೇ ಅದು ದೂರಾಗಿದೆ. ಶಾಲೆಯ ವಿಷಯದಲ್ಲಿ ದೂರಲಿಕ್ಕೂ ಕಟ್ಟಳೆಯಿಲ್ಲ.

ಶಾಲೆಗೆ ಬೆಂಚು, ಫ್ಯಾನು ಕೊಟ್ಟು ಹೆಸರು ಬರೆಸುವ ಹಳೆಯ ವಿದ್ಯಾರ್ಥಿಗಳಿಗೆ ಕೈಮುಗಿದು ಒಂದು ಮಾತು: ಕೊಡಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಔದಾರ್ಯ ಸರ್ಕಾರಕ್ಕೆ ನೆಪವಾಗದಂತೆ ನೋಡಿಕೊಳ್ಳಿ.

ಎಸ್‌ಡಿಎಂಸಿಯ ಅಪ್ಪಂದಿರೇ, ಅವ್ವಂದಿರೇ, ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ನಿಮ್ಮ ಕೈಯಲ್ಲಿರುವ ಆಯುಧ. ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕಾದವರು ನೀವು. ಸರ್ಕಾರದ ಅನುದಾನಕ್ಕೆ ಅದೇ ಆಧಾರವಾಗಬೇಕು ಎನ್ನುತ್ತದೆ ಕಾಯ್ದೆ. ಮುಖ್ಯಶಿಕ್ಷಕರು ತುಂಬಿಟ್ಟ ಹಾಳೆಗೆ ಸಹಿ ಹಾಕಿ ಎದ್ದು ಬರಬೇಡಿ. ಎಷ್ಟು ಕೊಠಡಿ, ಎಷ್ಟು ಶೌಚಾಲಯ, ಎಷ್ಟು ಕಾಯಂ ಶಿಕ್ಷಕರು, ಎಷ್ಟು ರೂಪಾಯಿ ಎಂದು ಕೂತು ಬರೆಯಿರಿ. ಗ್ರಾಮಸಭೆಯಲ್ಲಿ ಓದಿಸಿ, ಠರಾವು ಮಾಡಿಸಿ. ಮುಂದಿನ ಬಜೆಟ್‌ಗೆ ಮೊದಲು ಶ್ರೀರಂಗಪಟ್ಟಣ, ಮೇಲುಕೋಟೆ, ಕೆ.ಆರ್. ಪೇಟೆ, ನಾಗಮಂಗಲದ ನಾಲ್ವರು ಶಾಸಕರ ಕೈಗೂ ಕೊಟ್ಟು, ಒಂದೇ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಿ: ರಾಜ್ಯದ ಆಯವ್ಯಯದಲ್ಲಿ ಶಾಲೆ-ಕಾಲೇಜಿಗೆ ಶೇ 15ಕ್ಕೆ ಕಡಿಮೆಯಾಗದ ಪಾಲು ಎಂಬ ಕಾನೂನಿಗೆ ಸದನದಲ್ಲಿ ಕೈ ಎತ್ತುತ್ತೀರಾ, ಇಲ್ಲವಾ?