ಮನೆಯೊಳಗಿನ ಕಾರ್ಖಾನೆಗೆ ಮನೆಯ ವೈರಿಂಗ್ ಸಾಕೇ?

ವಿಜಯವಾಡ: ಬೆಂಕಿ ಅವಘಡದ ಸುದ್ದಿಗಳ ಕೊನೆಯ ಸಾಲು ಹೆಚ್ಚಾಗಿ ಒಂದೇ ಬಗೆಯದಾಗಿರುತ್ತದೆ: 'ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ'. ಓದುಗರು ಅಷ್ಟಕ್ಕೇ ಪುಟ ಮಗುಚುತ್ತಾರೆ. 2020ರ ಆಗಸ್ಟ್ 9ರ ಬೆಳಗಿನ ಜಾವ ವಿಜಯವಾಡದ ಸ್ವರ್ಣ ಪ್ಯಾಲೇಸ್ ಹೋಟೆಲಿನಲ್ಲಿದ್ದ ಕೋವಿಡ್ ಆರೈಕೆ ಕೇಂದ್ರಕ್ಕೆ ಬೆಂಕಿ ಬಿದ್ದು 10 ಮಂದಿ ಅಸುನೀಗಿದಾಗಲೂ ಮೊದಲ ವರದಿಗಳಲ್ಲಿ ಇದೇ ಮಾತಿತ್ತು. 2025ರ ಮೇ 18ರಂದು ಹೈದರಾಬಾದಿನ ಗುಲ್ಜಾರ್ ಹೌಸ್ ಬಳಿಯ ಹಳೆಯ ಕಟ್ಟಡದಲ್ಲಿ 8 ಮಕ್ಕಳೂ ಸೇರಿ 17 ಮಂದಿ ಮಡಿದಾಗ ಅಗ್ನಿಶಾಮಕ ಇಲಾಖೆಯೂ ಅದನ್ನೇ ಹೇಳಿತು. ಅದೇ ವರ್ಷ ಆಗಸ್ಟ್ 16ರ ನಸುಕಿನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ ಪ್ಲಾಸ್ಟಿಕ್ ಮ್ಯಾಟ್ ತಯಾರಿಸುತ್ತಿದ್ದ ಕಟ್ಟಡ ಹೊತ್ತಿ ಉರಿದು ಐವರು ಸತ್ತಾಗ ಮತ್ತೆ ಅದೇ ಶಂಕೆ ವ್ಯಕ್ತವಾಯಿತು.

ಈ ಪೈಕಿ ಕೊನೆಯ ಎರಡು ಘಟನೆಗಳು ಹೊರನಾಡ ಕನ್ನಡಿಗರು ಗಮನವಿಟ್ಟು ನೋಡಬೇಕಾದವು. ಗುಲ್ಜಾರ್ ಹೌಸಿನಲ್ಲಿ ಕೆಳಗೆ ಮುತ್ತಿನ ಅಂಗಡಿ, ಮೇಲೆ ತುಂಬು ಸಂಸಾರ. ನಗರ್ತಪೇಟೆಯಲ್ಲಿ ಕೆಳಗೆ ತಯಾರಿಕೆ ಮತ್ತು ಗೋದಾಮು, ಮೇಲೆ ವಾಸ. ಅಲ್ಲಿ ಮಡಿದ ದಂಪತಿ ಮತ್ತು ಇಬ್ಬರು ಮಕ್ಕಳು ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದ ಕುಟುಂಬದವರು. ಪರವೂರಿನಲ್ಲಿ ಎರಡೆರಡು ಬಾಡಿಗೆ ಕಟ್ಟಲಾಗದೆ ದುಡಿಮೆಯ ಜಾಗದಲ್ಲೇ ಮಲಗುವುದು ವಲಸೆ ಬಂದವರ ಹಳೆಯ ಪದ್ಧತಿ. ವಿಜಯವಾಡ, ವಿಶಾಖಪಟ್ಟಣಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಹೊಸದೇನಲ್ಲ. ಹಿಂದಿನ ಕೋಣೆಯಲ್ಲಿ ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುವವರು, ವರಾಂಡದಲ್ಲಿ ನಾಲ್ಕು ಹೊಲಿಗೆ ಯಂತ್ರ ಹಾಕಿಕೊಂಡವರು, ಮಿಕ್ಸಿ-ಮೋಟಾರು ರಿಪೇರಿ ಮಾಡುವವರು, ಗ್ಯಾರೇಜಿನಲ್ಲಿ ಚಿಕ್ಕ ವೆಲ್ಡಿಂಗ್ ಸೆಟ್ ಇಟ್ಟವರು. ಇವರೆಲ್ಲ ಮನೆಯ ಮೀಟರಿನಿಂದಲೇ ಕಾರ್ಖಾನೆ ನಡೆಸುವವರು.

ಬೆಂಕಿ ಎಂದರೆ ಕರೆಂಟೇ ಎಂದು ಮೊದಲೇ ತೀರ್ಮಾನಿಸುವುದೂ ಸರಿಯಲ್ಲ. 2023ರ ನವೆಂಬರ್ 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಹತ್ತಾರು ದೋಣಿಗಳು ಸುಟ್ಟು ಬೂದಿಯಾದಾಗ ಊರಲ್ಲಿ ಬಗೆಬಗೆಯ ಮಾತು ಕೇಳಿಬಂದಿತ್ತು. ಕೊನೆಗೆ ಪೊಲೀಸರು ಹೇಳಿದ್ದು, ಬಲೆಯ ಮೇಲೆ ಎಸೆದ ಅರ್ಧ ಉರಿದ ಸಿಗರೇಟೇ ಕಾರಣವೆಂದು. ಹಾಗೆಯೇ 'ಶಾರ್ಟ್ ಸರ್ಕ್ಯೂಟ್' ಎಂಬ ಮಾತು ಸತ್ಯವಿದ್ದಾಗಲೂ ಅದು ಹೇಳುವುದು ಕಟ್ಟಕಡೆಯ ಕ್ಷಣವನ್ನು ಮಾತ್ರ. ಹೊದಿಕೆ ಕರಗಿ ಎರಡು ತಂತಿಗಳು ಒಂದಕ್ಕೊಂದು ತಾಗಿದ್ದು ಆ ರಾತ್ರಿ; ಹೊದಿಕೆ ಕರಗಲು ಶುರುವಾದದ್ದು ಬಹುಶಃ ಆರು ತಿಂಗಳ ಹಿಂದೆ.

ಬಿಸಿಯ ಲೆಕ್ಕ

ಸಾಮಾನ್ಯ ಬಾಡಿಗೆ ಮನೆಯ ದೀಪ-ಫ್ಯಾನಿನ ಲೈನಿಗೆ ಎಳೆದಿರುವುದು 1 ಅಥವಾ 1.5 ಚದರ ಮಿಲಿಮೀಟರಿನ ತಂತಿ, ಅದಕ್ಕೆ 6 ಆಂಪಿಯರಿನ ಸಣ್ಣ ಸಾಕೆಟ್ಟು. ಇದು ಫ್ಯಾನು, ಟೀವಿ, ಮೊಬೈಲ್ ಚಾರ್ಜರಿಗೆ ಧಾರಾಳವಾಯಿತು. ಇನ್ನು 2000 ವಾಟಿನ ಹೀಟರನ್ನೋ ಇಸ್ತ್ರಿಯನ್ನೋ ಹಾಕಿದರೆ 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 8.7 ಆಂಪಿಯರ್. ಒಂದು ಅಶ್ವಶಕ್ತಿಯ ಗ್ರೈಂಡರ್ ಮೋಟಾರು ಓಡುವಾಗ ಐದಾರು ಆಂಪಿಯರ್ ತೆಗೆದುಕೊಂಡರೆ, ಸ್ವಿಚ್ ಹಾಕಿದ ಕ್ಷಣ ಅದರ ಹಲವು ಪಟ್ಟು ಬೇಡುತ್ತದೆ. ಇಂಥ ಯಂತ್ರಗಳಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟು, 2.5 ಅಥವಾ 4 ಚದರ ಮಿಲಿಮೀಟರಿನ ತಂತಿ, ಮೈನ್ ಬೋರ್ಡಿನಿಂದ ನೇರವಾಗಿ ಬಂದ ಪ್ರತ್ಯೇಕ ಲೈನು ಬೇಕು. ಹೆಚ್ಚಿನ ಕಡೆ ಕಾಣುವುದು ಏನೆಂದರೆ ಒಂದು ಸಣ್ಣ ಸಾಕೆಟ್ಟು, ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸು, ಆ ಬಾಕ್ಸಿಗೆ ಮತ್ತೊಂದು ಬಾಕ್ಸು.

ಆದರೆ ತಂತಿ ಸಪೂರವಾಗಿರುವುದಕ್ಕಿಂತಲೂ ದೊಡ್ಡ ಅಪಾಯ ಸಡಿಲ ಜೋಡಣೆಯದು. ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೋರ್ಡಿನೊಳಗೆ ಸ್ಕ್ರೂ ಬಿಗಿಯಾಗಿಲ್ಲದೆ, ಅಥವಾ ತಂತಿಯನ್ನು ಬರಿದೇ ಹುರಿಮಾಡಿ ಟೇಪ್ ಸುತ್ತಿದ ಕಡೆ, ಅರ್ಧ ಓಮ್ ತಡೆ ಹುಟ್ಟಿಕೊಂಡಿತೆನ್ನೋಣ. ಅದರ ಮೂಲಕ 10 ಆಂಪಿಯರ್ ಹರಿದರೆ ಆ ಒಂದೇ ಬಿಂದುವಿನಲ್ಲಿ 50 ವಾಟಿನಷ್ಟು ಬಿಸಿ ಏಳುತ್ತದೆ. ಮೊಬೈಲ್ ರಿಪೇರಿಯವರು ತವರ ಕರಗಿಸುವ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವಾಟಿನದು. ಅಂಥ ಎರಡನ್ನು ಹಗಲಿಡೀ ಹೊತ್ತಿಸಿ ಸ್ವಿಚ್ ಬೋರ್ಡಿನೊಳಗೆ ಮುಚ್ಚಿಟ್ಟಂತಾಯಿತು. ಮನೆಗಳಲ್ಲಿ ಬಳಸುವ ಸಾಮಾನ್ಯ ಪಿ.ವಿ.ಸಿ. ತಂತಿಯ ಹೊದಿಕೆ ತಾಳುವುದು 70 ಡಿಗ್ರಿವರೆಗಿನ ಬಿಸಿಯನ್ನು. ವಿಜಯವಾಡದ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುವಾಗ ಉಳಿಯುವ ಅಂತರ ಎಷ್ಟು?

ಇಷ್ಟಾದರೂ ಎಂ.ಸಿ.ಬಿ. ಸುಮ್ಮನೆ ಇರುತ್ತದೆ. 'ಮನೆಗೆ ಎಂ.ಸಿ.ಬಿ. ಹಾಕಿಸಿದ್ದೇವೆ, ಇನ್ನೇನು ಭಯ' ಎನ್ನುವವರು ತಿಳಿಯಬೇಕಾದ ಸಂಗತಿ ಇದು. ಎಂ.ಸಿ.ಬಿ. ನೋಡುವುದು ಕರೆಂಟಿನ ಪ್ರಮಾಣವನ್ನು. ಸಡಿಲ ಜೋಡಣೆಯಲ್ಲಿ ಕರೆಂಟು ಏರುವುದಿಲ್ಲ, ತುಸು ಇಳಿದೀತು. ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಜೀವ ಉಳಿಸುವ ಸಾಧನ, ಅದನ್ನು ಹಾಕಿಸಲೇಬೇಕು. ಆದರೆ ಈ ಬಿಸಿ ಅದರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಪದೇ ಪದೇ ಟ್ರಿಪ್ ಆಗುತ್ತದೆಂದು 16ರ ಎಂ.ಸಿ.ಬಿ. ಕಿತ್ತು 32ರದ್ದನ್ನು ಹಾಕಿಸುವುದು, ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು ಕಾವಲುಗಾರನಿಗೆ ನಿದ್ರೆ ಮಾತ್ರೆ ಕೊಟ್ಟ ಹಾಗೆ.

ಆದ್ದರಿಂದ ಈ ದೋಷವನ್ನು ಹಿಡಿಯಬೇಕಾದದ್ದು ಮನುಷ್ಯರ ಕಣ್ಣು, ಕೈ, ಮೂಗು. ಪ್ಲಗ್ಗು ಬೆಚ್ಚಗಾಗುವುದು, ಸಾಕೆಟ್ಟಿನ ರಂಧ್ರದ ಸುತ್ತ ಕಂದು ಬಣ್ಣ ಕಟ್ಟುವುದು, ಗ್ರೈಂಡರ್ ಹಾಕಿದೊಡನೆ ದೀಪ ಮಿಣುಕುವುದು, ಬೋರ್ಡಿನಿಂದ ಚಟಚಟ ಸದ್ದು. ಬಿಸಿಯಾದ ಕೆಲವು ಸ್ವಿಚ್ಚು-ಸಾಕೆಟ್ಟುಗಳು ಮೀನಿನಂಥ ವಾಸನೆ ಬಿಡುತ್ತವೆ. ಕರಾವಳಿ ಮೂಲದವರ ಮನೆಗಳಲ್ಲಿ ಅದು ಅಡುಗೆಮನೆಯ ಲೆಕ್ಕಕ್ಕೆ ಸೇರಿಬಿಡುವ ಸಂಭವವೇ ಹೆಚ್ಚು!

ಉಪ್ಪುಗಾಳಿ, ನೆರೆನೀರು

ಎರಡೂ ನಗರಗಳಿಗೆ ತಮ್ಮದೇ ಆದ ಹೆಚ್ಚುವರಿ ತೊಂದರೆಗಳಿವೆ. ವಿಶಾಖಪಟ್ಟಣದ ಸಮುದ್ರದ ಉಪ್ಪುಗಾಳಿಗೆ ತಾಮ್ರ-ಹಿತ್ತಾಳೆಯ ತುದಿಗಳು ಹಸಿರು ಕಿಲುಬು ಹಿಡಿಯುತ್ತವೆ, ಸ್ಕ್ರೂಗಳು ತುಕ್ಕು ತಿನ್ನುತ್ತವೆ. ಕಿಲುಬು ಹಿಡಿದ ತುದಿಯೂ ಸಡಿಲ ತುದಿಯ ಹಾಗೆಯೇ ಬಿಸಿಯಾಗುತ್ತದೆ. ಅಲ್ಯೂಮಿನಿಯಂ ತಂತಿಯ ಹಳೆಯ ಮನೆಗಳಾದರೆ ಅಪಾಯ ಇನ್ನೂ ಹೆಚ್ಚು. ಆ ಲೋಹ ಸ್ಕ್ರೂವಿನ ಅಡಿಯಲ್ಲಿ ಕ್ರಮೇಣ ಒತ್ತಿಕೊಂಡು ತಾನಾಗಿ ಸಡಿಲಗೊಳ್ಳುತ್ತದೆ.

ವಿಜಯವಾಡದ್ದು ಬೇರೆ ಕಥೆ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ಅಜಿತ್ ಸಿಂಗ್ ನಗರ ಮತ್ತು ಸುತ್ತಮುತ್ತಲ ಬಡಾವಣೆಗಳ ಮನೆಗಳಲ್ಲಿ ದಿನಗಟ್ಟಲೆ ನೀರು ನಿಂತಿತು. ನೀರಿಳಿದ ಮೇಲೆ ಗೋಡೆ ತೊಳೆದು ಸುಣ್ಣ ಬಳಿದವರು ಬಹಳ ಮಂದಿ. ಆದರೆ ಕೆಸರು ನೀರಲ್ಲಿ ಮುಳುಗಿದ ಸ್ವಿಚ್ಚು, ಸಾಕೆಟ್ಟು, ಎಂ.ಸಿ.ಬಿ.ಗಳನ್ನು ಒಣಗಿಸಿ ಮತ್ತೆ ಬಳಸುವಂತಿಲ್ಲ, ಬದಲಾಯಿಸಬೇಕು. ಪೈಪಿನೊಳಗಿನ ತಂತಿಯನ್ನು 500 ವೋಲ್ಟಿನ ಮೆಗ್ಗರ್ ಹಾಕಿ ಪರೀಕ್ಷಿಸಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಹೊದಿಕೆ ಕೆಟ್ಟಿದೆಯೆಂದೇ ಅರ್ಥ. ಆಗ ಈ ಕೆಲಸ ಮಾಡಿಸದೆ ಬಿಟ್ಟವರು ಈಗಲಾದರೂ ಮಾಡಿಸುವುದು ಲೇಸು, ಯಾಕೆಂದರೆ ನೆನೆದ ತುದಿಗಳ ತುಕ್ಕು ಹೊರಗೆ ಕಾಣದೆ ವರ್ಷಗಟ್ಟಲೆ ಬೆಳೆಯುತ್ತದೆ.

ಯಾರ ಹೊಣೆ?

ವಿಶಾಖಪಟ್ಟಣದಲ್ಲಿ ಪೂರ್ವ ವಿದ್ಯುತ್ ವಿತರಣಾ ಕಂಪನಿ, ವಿಜಯವಾಡದಲ್ಲಿ ಮಧ್ಯ ವಿದ್ಯುತ್ ವಿತರಣಾ ಕಂಪನಿ. ಇಬ್ಬರ ಹೊಣೆಯೂ ಮೀಟರಿನವರೆಗೆ, ಅಲ್ಲಿಂದಾಚೆ ಮನೆಯವರದು. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವ, 10 ಅಥವಾ ಹೆಚ್ಚು ಕೆಲಸಗಾರರಿರುವ ಜಾಗಕ್ಕೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಗಂಡ-ಹೆಂಡತಿ ಮತ್ತು ಇಬ್ಬರು ಸಹಾಯಕರ ದುಡಿಮೆಯ ಜಾಗ ಹಿಂದೆಯೂ ಅದರ ಬಾಗಿಲ ಹೊರಗೇ ಇತ್ತು, ಈಗಲೂ ಹೊರಗೇ ಇದೆ.

ಉಳಿದದ್ದು ಮನೆ ಮಾಲೀಕ ಮತ್ತು ಬಾಡಿಗೆದಾರ. 'ಇನ್ನೊಬ್ಬರ ಗೋಡೆಗೆ ನಾವೇಕೆ ದುಡ್ಡು ಸುರಿಯಬೇಕು' ಎಂದು ಬಾಡಿಗೆದಾರ, 'ಯಂತ್ರ ಹಾಕಿದವರು ಅವರು' ಎಂದು ಮಾಲೀಕ. ಹೆಚ್ಚಿನ ಲೋಡಿಗೆ ಅರ್ಜಿ ಕೊಟ್ಟರೆ ಗೃಹಬಳಕೆಯ ದರ ಹೋಗಿ ವಾಣಿಜ್ಯ ದರ ಬಂದೀತೆಂಬ ಅಂಜಿಕೆ ಬೇರೆ. ಈ ಅಂಜಿಕೆ ಸುಳ್ಳೆನ್ನಲಾಗದು. ಆದರೆ ಮನೆಯೊಳಗಿನ ತಂತಿ ಬದಲಾಯಿಸಲು ಯಾರ ಅನುಮತಿಗೂ ಕಾಯಬೇಕಿಲ್ಲ, ಮಾಲೀಕರ ಒಪ್ಪಿಗೆಯೊಂದಿದ್ದರೆ ಸಾಕು. ಬಾಡಿಗೆ ಕರಾರು ನವೀಕರಿಸುವಾಗ ಯಂತ್ರಕ್ಕೊಂದು ಪ್ರತ್ಯೇಕ ಲೈನಿನ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುವ ಒಂದು ಸಾಲು ಬರೆಸಿದರೆ ಜಗಳವೂ ತಪ್ಪುತ್ತದೆ.

ಹಣದ ಮಾತಿಗೆ ಬಂದರೆ, 2015ರಲ್ಲಿ ಆರಂಭವಾದ ಮುದ್ರಾ ಸಾಲವಾಗಲಿ, 2023ರ ಸೆಪ್ಟೆಂಬರ್ 17ರಂದು ಆರಂಭವಾದ, ದರ್ಜಿಗಳಿಗೂ ಸಿಗುವ ವಿಶ್ವಕರ್ಮ ಯೋಜನೆಯ ಸಾಲವಾಗಲಿ, ಬ್ಯಾಂಕಿಗೆ ಬರುವ ಕೊಟೇಶನ್ನಿನಲ್ಲಿ ಯಂತ್ರವಿರುತ್ತದೆ, ಅದರ ತಂತಿ ಇರುವುದಿಲ್ಲ. ಯಂತ್ರ ಕೂರಿಸುವ ವೆಚ್ಚದ ಜತೆಗೆ ಐ.ಎಸ್.ಐ. ಗುರುತಿನ ತಂತಿ, ಎಂ.ಸಿ.ಬಿ., ಅರ್ಥಿಂಗಿನ ಅಂದಾಜುಪಟ್ಟಿಯನ್ನೂ ಮ್ಯಾನೇಜರರ ಮುಂದಿಡಬಹುದು.

ವಿಮೆಯಲ್ಲೂ ಇಂಥದೇ ಎಡವಟ್ಟು. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕಾದ 'ಭಾರತ್ ಗೃಹ ರಕ್ಷಾ' ಪಾಲಿಸಿ ವಾಸದ ಮನೆ ಮತ್ತು ಮನೆ ಸಾಮಾನಿಗೆ. ಮಾರಾಟಕ್ಕಿಟ್ಟ ಬಟ್ಟೆಯ ಥಾನು, ಹೊಲಿಗೆ ಯಂತ್ರ, ಗ್ರೈಂಡರುಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆಯದೇ ಪಾಲಿಸಿಯಿದೆ, 5 ಕೋಟಿ ರೂಪಾಯಿವರೆಗಿನ ಆಸ್ತಿಗೆ. ಮನೆಯಲ್ಲಿ ಉದ್ಯಮ ನಡೆಯುತ್ತಿದೆ ಎಂಬುದನ್ನು ಅರ್ಜಿಯಲ್ಲೇ ನಮೂದಿಸದಿದ್ದರೆ ಪರಿಹಾರ ಕೇಳುವ ದಿನ ತಕರಾರು ಏಳುತ್ತದೆ.

ಸಂಘಗಳು ವರ್ಷಂಪ್ರತಿ ರಕ್ತದಾನ, ನೇತ್ರ ತಪಾಸಣಾ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುತ್ತಿವೆ. ಅದೇ ರೀತಿಯಲ್ಲಿ ಲೈಸೆನ್ಸ್ ಇರುವ ಒಬ್ಬ ವೈರ್‌ಮನ್ನನ್ನು ಮೆಗ್ಗರ್ ಸಹಿತ ಎರಡು ಭಾನುವಾರಗಳ ಮಟ್ಟಿಗೆ ಗೊತ್ತುಮಾಡಿ, ಮನೆಯಲ್ಲಿ ಯಂತ್ರ ನಡೆಸುವ ಸದಸ್ಯರ ಬೋರ್ಡುಗಳನ್ನು ಬಿಚ್ಚಿ ನೋಡಿಸುವುದು ದುಬಾರಿಯ ಕೆಲಸವಲ್ಲ. ಸ್ಕ್ರೂ ಬಿಗಿಮಾಡಲು ಬೇಕಾಗುವುದು ಮನೆಗೆ ಅರ್ಧ ಗಂಟೆ. ಹಾಗೆ ಬಂದವರು ಒಂದು ಸಲ ಮೆಟ್ಟಿಲನ್ನೂ ನೋಡಲಿ: ಗುಲ್ಜಾರ್ ಹೌಸಿನಲ್ಲಿ ಒಳಹೋಗುವ ದಾರಿ ತೀರಾ ಇಕ್ಕಟ್ಟಾಗಿತ್ತು. ಥಾನು, ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲ ಕೆಳಗೆ, ಅದೂ ಮೀಟರ್ ಬೋರ್ಡಿಗೆ ತಾಗಿಸಿ ಪೇರಿಸುವುದನ್ನು ಮೊದಲು ನಿಲ್ಲಿಸಬೇಕು. ರಾತ್ರಿ ಮಲಗುವ ಮುನ್ನ ಯಂತ್ರದ ಲೈನಿನ ಎಂ.ಸಿ.ಬಿ. ಇಳಿಸಿದರೆ ಆ ಲೈನಿನಲ್ಲಿ ಬಿಸಿಗೆ ಎಡೆಯೇ ಇಲ್ಲ, ಖರ್ಚೂ ಇಲ್ಲ. ಶಿಬಿರವನ್ನು ಫೆಬ್ರವರಿಯೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮಾರ್ಚ್ ಕಳೆದು ಏ.ಸಿ. ಕೆಲಸ ಶುರುವಾದರೆ ಎರಡೂ ಊರುಗಳಲ್ಲಿ ವೈರ್‌ಮನ್‌ಗಳು ಕೈಗೆ ಸಿಗುವುದಿಲ್ಲ.